ಕಾಟಮ್ಮ ನೋಡಿದ ವಿಮಾನ ನಿಲ್ದಾಣ

“ಟೀಚರ್, ಪಾಸ್‌ಪೋರ್ಟ್ ಅಂದ್ರೆ ಎಷ್ಟು ದೊಡ್ಡದಿರ್ತೈತ್ರಿ? ಕುಬಸದಾಗೆ ಇಟ್ಕಳ್ಳಾಕೆ ಆಗ್ತೈತೋ ಇಲ್ಲೋ?”

ಹೋದ ವರ್ಷ ಒಂದು ಬೆಳಿಗ್ಗೆ ಕಾಟಮ್ಮ ನಮ್ಮ ಗೇಟಿನ ಆಚೆ ನಿಂತು ಹೀಗೆ ಕೇಳಿದಾಗ, ಆಕೆ ಯಾರದೋ ಬೇರೆಯವರ ಸುದ್ದಿ ಹೇಳುತ್ತಿದ್ದಾಳೆ ಅಂದುಕೊಂಡೆ. ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಕ್ರಾಸ್ ರಸ್ತೆಯನ್ನು ಹನ್ನೆರಡು ವರ್ಷದಿಂದ ಗುಡಿಸುತ್ತಿರುವವಳು ಆಕೆ. ಹಾಲಿನವನು ತಡ ಮಾಡಬಹುದು, ಪೇಪರಿನವನು ಬಾರದೇ ಇರಬಹುದು. ಕಾಟಮ್ಮನ ಪೊರಕೆ ಮಾತ್ರ ಆರು ಗಂಟೆಗೆ ಸದ್ದು ಮಾಡಲೇಬೇಕು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಬೇಗ ಏಳುವ ಅಭ್ಯಾಸ ಬಿಟ್ಟಿಲ್ಲ. ಹಾಗಾಗಿ ದಿನವೂ ಗೇಟಿನ ಒಳಗೆ ನಾನು, ಹೊರಗೆ ಆಕೆ, ಐದು ನಿಮಿಷ ಮಾತು.

ಕಾಟಮ್ಮ ಹುಟ್ಟಿದ್ದು ಹರಿಹರದಲ್ಲಿ, ಹೊಳೆದಂಡೆಯ ಒಂದು ಗುಡಿಸಲಿನಲ್ಲಿ. ಅಪ್ಪ ಅವ್ವ ಇಬ್ಬರೂ ಇಟ್ಟಿಗೆ ಭಟ್ಟಿಯಲ್ಲಿ ದುಡಿಯುತ್ತಿದ್ದರು. ಮದುವೆಯಾಗಿ ದಾವಣಗೆರೆಯ ವಿನೋಬನಗರಕ್ಕೆ ಬಂದಳು. ಗಂಡ ಗಿಡ್ಡಪ್ಪ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲಿ. ಹೆಸರಿಗೆ ಗಿಡ್ಡಪ್ಪ, ಆಳು ಆರಡಿ. ಎರಡು ಹೆಣ್ಣು, ಒಂದು ಗಂಡು. ಮೂವರಿಗೂ ಮದುವೆಯಾಗಿ ಈಗ ಮೊಮ್ಮಕ್ಕಳು ಅಂಗಳ ತುಂಬಿದ್ದಾರೆ. ಪಾಲಿಕೆಯಲ್ಲಿ ಮೊದಲು ದಿನಗೂಲಿಗೆ ಸೇರಿ, ಎಷ್ಟೋ ವರ್ಷ ಕಳೆದ ಮೇಲೆ ಕಾಯಂ ಆದವಳು. ಓದು ಎರಡನೇ ಇಯತ್ತೆ. ಅಂಕಿ ಚೆನ್ನಾಗಿ ಓದುತ್ತಾಳೆ, ಅಕ್ಷರವನ್ನು ಕೂಡಿಸಿಕೊಂಡು ನಿಧಾನಕ್ಕೆ ಓದುತ್ತಾಳೆ. ಮನುಷ್ಯರನ್ನು ಮಾತ್ರ ಒಂದೇ ನೋಟಕ್ಕೆ ಓದಿಬಿಡುತ್ತಾಳೆ.

ಪಾಲಿಕೆಯಿಂದ ಹನ್ನೊಂದು ಜನ ಪೌರಕಾರ್ಮಿಕರನ್ನು ಸಿಂಗಪುರಕ್ಕೆ ಕಳಿಸುವವರಿದ್ದರು, ಅಲ್ಲಿ ಊರನ್ನು ಹೇಗೆ ಚೊಕ್ಕಟವಾಗಿ ಇಟ್ಟುಕೊಂಡಿದ್ದಾರೆ ಅಂತ ನೋಡಿಕೊಂಡು ಬರಲು. ಪಟ್ಟಿಯಲ್ಲಿ ಕಾಟಮ್ಮನ ಹೆಸರೂ ಇತ್ತು. ಅರ್ಜಿ ತುಂಬಲು ಅವತ್ತೇ ಸಂಜೆ ನಮ್ಮ ಮನೆಗೆ ಬಂದಳು.

“ಹುಟ್ಟಿದ ತಾರೀಖು?” ಅಂದೆ.

“ಹೊಳೆ ಬಂದು ಭಟ್ಟಿಯ ಹಸಿ ಇಟ್ಟಿಗೆ ಎಲ್ಲಾ ಕರಗಿ ಹೋದ ವರ್ಷ ಅಂತ ನಮ್ಮವ್ವ ಹೇಳ್ತಿದ್ಲು. ಅದನ್ನ ಬರೀರಿ.”

ಪುಣ್ಯಕ್ಕೆ ಆಧಾರ್ ಕಾರ್ಡಿನಲ್ಲಿ ಜನವರಿ ಒಂದು ಅಂತ ಇತ್ತು. ಅದನ್ನೇ ಬರೆದೆವು. ಪಾಸ್‌ಪೋರ್ಟ್ ಬಂದ ದಿನ ತಂದು ತೋರಿಸಿದಳು. ಗಿಡ್ಡಪ್ಪ ಅದನ್ನು ತೆಗೆದು ವಾಸನೆ ನೋಡಿ, “ಪುಸ್ತಕ ಹೊಸಾದು, ಒಳಗಿನ ಮುಖ ಮಾತ್ರ ಹಳೇದು” ಅಂದನಂತೆ. ಅದನ್ನು ಹೇಳಿಕೊಂಡು ತಾನೇ ನಕ್ಕಳು.

ಹೋಗಿ ಬಂದ ಮೇಲೆ ಸಿಂಗಪುರ ಹೇಗಿತ್ತು ಅಂತ ಕೇಳಿದರೆ, ಆ ಊರಿನ ಬಗ್ಗೆ ಹೇಳಿದ್ದು ಒಂದು ಬೆಳಗಿನ ಮಾತು. ವಾಪಸು ಬರುವ ದಿನ ವಿಮಾನ ನಿಲ್ದಾಣದಲ್ಲಿ ಕಳೆದ ಐದು ತಾಸಿನ ಬಗ್ಗೆ ಒಂದು ವಾರ ಹೇಳಿದಳು. ಹೋಗುವಾಗ ಆಕೆ ಏನನ್ನೂ ನೋಡಿರಲಿಲ್ಲ. ಮುಂದಿನವಳ ಸೆರಗು ಹಿಡಿದುಕೊಂಡು, ನೆಲ ನೋಡಿಕೊಂಡು ನಡೆದಿದ್ದಳು. ಬರುವಾಗ ಧೈರ್ಯ ಬಂದಿತ್ತು, ಹೊತ್ತೂ ಇತ್ತು. ವಿಮಾನ ಸಂಜೆ ಆರಕ್ಕೆ. ಹೋಟೆಲಿನವರು ಬೆಳಿಗ್ಗೆಯೇ ಕೋಣೆ ಖಾಲಿ ಮಾಡಿಸಿದ್ದರಿಂದ ಹನ್ನೊಂದು ಜನವೂ ಮಧ್ಯಾಹ್ನ ಒಂದಕ್ಕೇ ಅಲ್ಲಿಗೆ ಬಂದು, ತಪಾಸಣೆ ಮುಗಿಸಿ ಒಳಗೆ ಕೂತಿದ್ದರು.

ತಂಡವನ್ನು ಕರೆದೊಯ್ದವರು ತಿಮ್ಮೇಶ್ ಅಂತ, ಹೆಲ್ತ್ ಇನ್‌ಸ್ಪೆಕ್ಟರ್. ಮೂವತ್ನಾಲ್ಕು ವರ್ಷದ ಹುಡುಗ. ಕೆಟ್ಟವರಲ್ಲ, ಆದರೆ ಗಾಬರಿ ಜಾಸ್ತಿ. ಒಬ್ಬರೂ ಕಳೆದುಹೋಗಬಾರದು, ಒಂದು ಕಾಗದವೂ ಕಳೆಯಬಾರದು ಅಂತ ಐದು ದಿನವೂ ಕೈಯಲ್ಲಿ ಮಡಚಿದ ಕೊಡೆ ಎತ್ತಿ ಹಿಡಿದು ಮುಂದೆ ನಡೆದಿದ್ದರು. ಎಲ್ಲರ ಕೊರಳಿಗೂ ಒಂದೊಂದು ಚೀಲ ಹಾಕಿಸಿ, ಪಾಸ್‌ಪೋರ್ಟ್ ಅದರೊಳಗೇ ಇರಬೇಕು ಅಂತ ಹೊತ್ತಿಗೊಮ್ಮೆ ಮುಟ್ಟಿಸಿ ನೋಡುತ್ತಿದ್ದರು.

“ಇಲ್ಲೇ ಕೂಡ್ರಿ. ಯಾರೂ ಏಳಬ್ಯಾಡ್ರಿ. ಏನೂ ಮುಟ್ಟಬ್ಯಾಡ್ರಿ” ಅಂದರು ತಿಮ್ಮೇಶ್.

“ಐದು ತಾಸು ಕೂಡಾಕೆ ನಾವೇನು ಮೊಟ್ಟೆ ಮೇಲಿನ ಕೋಳಿ ಏನ್ರಿ ಸಾರ್?” ಅಂದಳು ಕಾಟಮ್ಮ. ಕಸದ ಆಟೋ ಓಡಿಸುವ ಹಾಲಸ್ವಾಮಿ ಪಕ್ಕದಲ್ಲಿ ಕಿಸಕ್ಕನೆ ನಕ್ಕ. ಕೊನೆಗೆ ತಿಮ್ಮೇಶರು, ಇಬ್ಬಿಬ್ಬರಾಗಿ ಹೋಗಿ, ಅರ್ಧ ತಾಸಿಗೊಮ್ಮೆ ಬಂದು ಮುಖ ತೋರಿಸಿ ಅಂತ ಬಿಟ್ಟರು.

ಕಾಟಮ್ಮನೂ ಹಾಲಸ್ವಾಮಿಯೂ ಹೊರಟರು. ಜನ ಅಂಗಡಿ ನೋಡುತ್ತಿದ್ದರೆ ಇವರಿಬ್ಬರು ನೆಲ ನೋಡುತ್ತಿದ್ದರು. ಅಷ್ಟು ಉದ್ದಕ್ಕೂ ಕಂಬಳಿಯಂಥ ಹಾಸು! ನಮ್ಮ ಕುಂದುವಾಡ ಕೆರೆ ಹತ್ತಿರದ ಗಾಜಿನ ಮನೆಯಂಥವು ಇಪ್ಪತ್ತು ತಂದು ಸಾಲಾಗಿ ಇಟ್ಟರೂ ಈ ಜಾಗ ತುಂಬುವುದಿಲ್ಲ ಅನ್ನಿಸಿತು ಆಕೆಗೆ. ಒಳಗೇ ಗಿಡ, ಒಳಗೇ ಕೊಳ, ಕೊಳದಲ್ಲಿ ಮೊಳದುದ್ದದ ಕೆಂಪು ಮೀನು. ಮೇಲಿನ ಚಾವಣಿ ನೋಡಿ ಹಾಲಸ್ವಾಮಿ, “ಅಕ್ಕ, ಅಲ್ಲಿ ಜೇಡ ಬಲೆ ಕಟ್ಟಿದ್ರೆ ಯಾರು ಹೊಡೀತಾರೆ?” ಅಂದ. ಇಬ್ಬರೂ ಕತ್ತು ಎತ್ತಿ ತುಂಬ ಹೊತ್ತು ಹುಡುಕಿದರು. ಒಂದೂ ಬಲೆ ಕಾಣಲಿಲ್ಲ.

ಅಷ್ಟರಲ್ಲಿ ಹಾಸು ಇಲ್ಲದ ಕಡೆ ಒಂದು ಯಂತ್ರ ತನ್ನಷ್ಟಕ್ಕೆ ನೆಲ ಒರೆಸಿಕೊಂಡು ಬಂತು. ನಡೆಸುವವರು ಯಾರೂ ಇಲ್ಲ. ಮುಂದೆ ಎರಡು ಕಣ್ಣು ಬರೆದಿದ್ದರು. ಜನ ಅಡ್ಡ ಬಂದರೆ ನಿಲ್ಲುತ್ತದೆ, ಸರಿದರೆ ಹೊರಡುತ್ತದೆ. ಕಾಟಮ್ಮ ಅದರ ಹಿಂದೆಯೇ ನಡೆದಳು. ಎಡಕ್ಕೆ ತಿರುಗಿದರೆ ಎಡಕ್ಕೆ, ಬಲಕ್ಕೆ ತಿರುಗಿದರೆ ಬಲಕ್ಕೆ. ಹಾಲಸ್ವಾಮಿಗೆ ಸಾಕಾಗಿ ಮೀನಿನ ಹತ್ತಿರ ಹೋಗಿ ಕೂತ. ಈಕೆ ಬಿಡಲಿಲ್ಲ.

“ಯಾಕ ಹಂಗೆ ಅದರ ಹಿಂದೆ ಬಿದ್ದೆ?” ಅಂತ ನಾನು ಕೇಳಿದೆ.

“ನಮ್ಮ ಕೆಲಸ ಮಾಡೋದಲ್ರೀ ಅದು? ಹೆಂಗೆ ಮಾಡ್ತೈತೆ ಅಂತ ನೋಡಬ್ಯಾಡ್ವಾ? ಕೆಲಸ ಚಲೋ ಮಾಡ್ತೈತೆ. ಆದ್ರೆ ಮಾತಾಡಂಗಿಲ್ಲ, ಚಾ ಕುಡಿಯಂಗಿಲ್ಲ. ಅಂಥದು ನನ್ನ ಜೋಡಿ ಡ್ಯೂಟಿಗೆ ಬ್ಯಾಡವ್ವ” ಅಂದಳು.

ಯಂತ್ರದ ಹಿಂದೆ ಹೋಗುತ್ತಾ ಹೋಗುತ್ತಾ ಹೆಂಗಸರ ಶೌಚಾಲಯದ ಬಾಗಿಲಿಗೆ ಬಂದಳು. ಅಲ್ಲಿ ಗೋಡೆಯ ಮೇಲೆ ಟಿವಿಯಂಥದೊಂದು ಹಲಗೆ. ಅದರಲ್ಲಿ ವಯಸ್ಸಾದ ಒಬ್ಬ ಹೆಂಗಸಿನ ಫೋಟೋ, ಕೆಳಗೆ ಹೆಸರು. ಹಣೆಯಲ್ಲಿ ಕುಂಕುಮ, ಮೂಗಿನಲ್ಲಿ ನತ್ತು, ನಮ್ಮ ಕಡೆಯವಳೇ ಅನ್ನಿಸುವಂಥ ಮುಖ. ಫೋಟೋದ ಕೆಳಗೆ ಐದು ಗುಂಡಗಿನ ಮುಖಗಳು: ಒಂದು ಬಾಯ್ತುಂಬ ನಗುವುದು, ಒಂದು ಸುಮ್ಮನಿರುವುದು, ಒಂದು ಅಳುವುದು, ಹೀಗೆ.

“ಗುಡಿಸೋರ ಫೋಟೋನ ಗ್ವಾಡಿಗೆ ಹಾಕ್ಯಾರೆ ಅಂದ್ರೆ, ಪಾಪ, ಯಾವಾಗ ತೀರಿಹೋದ್ಳೋ ಏನೋ ಅಂದ್ಕಂಡೆ ಟೀಚರ್. ಕೈ ಮುಗಿದೆ.”

ಕೈ ಮುಗಿದು ಕಣ್ಣು ಬಿಡುವಷ್ಟರಲ್ಲಿ, ಅದೇ ಮುಖದ ಹೆಂಗಸು ಒಂದು ಬಕೀಟು ಹಿಡಿದುಕೊಂಡು ಬಾಗಿಲಿನಿಂದ ಹೊರಗೆ ಬಂದಳು. ಕಾಟಮ್ಮ “ಅಯ್ಯಯ್ಯೋ!” ಅಂತ ಎರಡು ಹೆಜ್ಜೆ ಹಿಂದೆ ಹಾರಿದಳು. ಆ ಹೆಂಗಸೂ ಬೆಚ್ಚಿ ಬಕೀಟು ಕೆಳಗಿಟ್ಟಳು. ಸೀರೆ, ಕೊರಳಲ್ಲಿ ಚೀಲ, ಮುಗಿದ ಕೈ, ಎಲ್ಲ ನೋಡಿ, “ಎನ್ನಮ್ಮಾ, ಎಂದ ಊರು?” ಅಂದಳು.

ಅದು ತಮಿಳು, ಯಾವ ಊರು ಅಂತ. ಕಾಟಮ್ಮನಿಗೆ ತಮಿಳು ಬರುವುದಿಲ್ಲ. ಆದರೆ ‘ಅಮ್ಮಾ’ ಬರುತ್ತದೆ, ‘ಊರು’ ಬರುತ್ತದೆ.

“ದಾವಣಗೆರೆ ಊರು!” ಅಂದಳು. ಆಕೆಗೆ ಅರ್ಥವಾಗಲಿಲ್ಲ. “ಬೆಂಗಳೂರು ದಾಟಿ, ಹಿಂಗೆ ಮ್ಯಾಲೆ, ಹರಿಹರದ ಪಕ್ಕ” ಅಂತ ಕೈಯಲ್ಲಿ ತೋರಿಸಿದಳು. ಬೆಂಗಳೂರು ಅನ್ನುವುದು ತಿಳಿಯಿತು. ಆಕೆಯ ಹೆಸರು ಮಾರಿಯಾಯಿ. ಅರವತ್ತೆಂಟು ವರ್ಷ. ಹುಟ್ಟಿದ್ದು ಬೆಳೆದದ್ದು ಸಿಂಗಪುರದಲ್ಲೇ. ಇದನ್ನೆಲ್ಲ ಇಬ್ಬರೂ ಬೆರಳು ಮಡಚಿ, ಮೊಣಕಾಲು ಮುಟ್ಟಿ, ಮೊಮ್ಮಕ್ಕಳ ಎತ್ತರವನ್ನು ಕೈಯಲ್ಲಿ ತೋರಿಸಿ ಮಾತಾಡಿಕೊಂಡರು. ಕಾಟಮ್ಮ ತನ್ನ ಕೊರಳ ಚೀಲದಿಂದ ಪಾಲಿಕೆಯ ಗುರುತಿನ ಚೀಟಿ ತೆಗೆದು, ಪೊರಕೆ ಹಿಡಿದು ಗುಡಿಸಿದ ಹಾಗೆ ನಟಿಸಿ ತೋರಿಸಿದಳು. ಮಾರಿಯಾಯಿ ಆಕೆಯ ಎರಡೂ ಅಂಗೈ ಹಿಡಿದು ತಿರುಗಿಸಿ ನೋಡಿದಳು. ಹೆಬ್ಬೆರಳ ಬುಡದ ಗಂಟು ನೋಡಿ ತನ್ನದನ್ನೂ ತೋರಿಸಿದಳು. ಆಮೇಲೆ ಗುರುತಿನ ಚೀಟಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಆ ಐದು ಮುಖಗಳು ಏನು ಅಂತ ಕಾಟಮ್ಮ ಕೇಳಿದಳು. ಸ್ವಚ್ಛತೆ ಚೆನ್ನಾಗಿದ್ದರೆ ಬಂದವರು ನಗುವ ಮುಖ ಒತ್ತುತ್ತಾರೆ, ಇಲ್ಲದಿದ್ದರೆ ಅಳುವ ಮುಖ. ಇಷ್ಟು ತಿಳಿದದ್ದೇ ತಡ, ಕಾಟಮ್ಮ ನಗುವ ಮುಖವನ್ನು ಟಕ್ ಟಕ್ ಅಂತ ಒತ್ತತೊಡಗಿದಳು. ಮಾರಿಯಾಯಿ ನಗುತ್ತಾ “ಪೋದುಮ್, ಪೋದುಮ್” ಅಂತ ಕೈ ಹಿಡಿದಳು. ಸಾಕು ಸಾಕು ಅಂತ.

ಮಾರಿಯಾಯಿಗೆ ಹತ್ತು ನಿಮಿಷ ಬಿಡುವಿತ್ತು. ಕಾಟಮ್ಮ ಕೈಚೀಲದಿಂದ ಮಂಡಕ್ಕಿಯ ಪೊಟ್ಟಣ ತೆಗೆದಳು. ದಾವಣಗೆರೆಯವರು ಎಲ್ಲಿಗೆ ಹೋದರೂ ಮಂಡಕ್ಕಿ ಒಯ್ಯದೆ ಇರುವುದಿಲ್ಲ. ಖಾರದಪುಡಿ, ಶೇಂಗಾ ಹಾಕಿ ಕಲಸಿದ್ದು. “ಪೊರಿ!” ಅಂತ ಮಾರಿಯಾಯಿ ಕೂಗಿದಳು. ಮಂಡಕ್ಕಿಗೆ ತಮಿಳಿನಲ್ಲಿ ಹಾಗೆ ಅನ್ನುತ್ತಾರೆ. ಬೆಂಚಿನ ಮೇಲೆ ಕೂತು ಇಬ್ಬರೂ ಮುಕ್ಕಿದರು. ಒಂದು ಕಾಳೂ ನೆಲಕ್ಕೆ ಬೀಳಲಿಲ್ಲ ಅಂತ ಕಾಟಮ್ಮ ನನಗೆ ಎರಡು ಸಲ ಹೇಳಿದ್ದಾಳೆ.

ಹೀಗೆ, ನಡುವೆ ಮುಖ ತೋರಿಸಿ ಬರುತ್ತಾ ಹೊತ್ತು ಕಳೆದು, ಕೊನೇ ಸಲ ಕಾಟಮ್ಮ ವಾಪಸು ಬಂದಾಗ ನಾಲ್ಕೂಮುಕ್ಕಾಲು. ಬಂದು ನೋಡಿದರೆ ಎಲ್ಲರೂ ಎದ್ದು ನಿಂತಿದ್ದಾರೆ. ನಡುವೆ ತಿಮ್ಮೇಶರು ನೆಲದ ಮೇಲೆ ಕೂತು, ತಮ್ಮ ಬ್ಯಾಗಿನ ಬಟ್ಟೆಯನ್ನೆಲ್ಲ ಹೊರಗೆ ಹರವಿದ್ದಾರೆ. ಮುಖ ಬಿಳಿಚಿಕೊಂಡಿದೆ.

“ಏನಾತ್ರಿ ಸಾರ್?”

“ನನ್ನ ಪಾಸ್‌ಪೋರ್ಟ್ ಇಲ್ಲ ಕಾಟಮ್ಮ.”

ಹನ್ನೊಂದು ಜನರ ಕೊರಳಲ್ಲೂ ಚೀಲ ಇತ್ತು. ಪಾಪ, ತಮಗೆ ಮಾತ್ರ ಅವರು ಚೀಲ ಕೊಂಡಿರಲಿಲ್ಲ.

ವಿಮಾನ ಹತ್ತುವ ಗೇಟಿಗೆ ಹೋಗುವ ಹೊತ್ತಾಗಿತ್ತು. ಹಾಲಸ್ವಾಮಿ ಕುರ್ಚಿಗಳ ಕೆಳಗೆಲ್ಲ ಮಲಗಿ ಹುಡುಕಿ ಬಂದಿದ್ದ. ಕಾಟಮ್ಮ ತಿಮ್ಮೇಶರ ಎದುರು ಕುಕ್ಕರುಗಾಲಲ್ಲಿ ಕೂತಳು.

“ಸಾರ್, ಬಟ್ಟೆ ಬಿಡ್ರಿ. ನನ್ನ ಮುಖ ನೋಡ್ರಿ. ಪಾಸ್‌ಪೋರ್ಟ್ ಕೊನೇ ಸಲ ಕೈಯಾಗೆ ಹಿಡ್ಕಂಡಾಗ ಏನು ಮಾಡ್ತಿದ್ರಿ?”

“ಕಾಫಿ ತಗಂಡೆ. ಒಂದು ಪಫ್ ತಗಂಡೆ. ಟ್ರೇ ಮೇಲೆ ಇಟ್ಟಿದ್ದೆ ಅನ್ಸುತ್ತೆ.”

“ಆಮ್ಯಾಲೆ?”

“ಆಫೀಸಿಂದ ಫೋನ್ ಬಂತು. ಮಾತಾಡ್ತಾ ಎದ್ದು ಬಂದೆ.”

“ಟ್ರೇ?”

ತಿಮ್ಮೇಶರು ತಿರುಗಿ ಕಾಫಿ ಅಂಗಡಿಯ ಕಡೆ ನೋಡಿದರು.

“ಕಸದ ಡಬ್ಬಿಗೆ ಹಾಕೀರಿ” ಅಂದಳು ಕಾಟಮ್ಮ. “ಫೋನ್ ಕಿವಿಗೆ ಹಚ್ಚಿದ್ರೆ ಎಲ್ರೂ ಹಂಗೇ. ಕೈಯಾಗಿದ್ದದ್ದೆಲ್ಲಾ ಕಸಕ್ಕೆ. ನಮ್ಮ ಬೀದಿಯಾಗೆ ವರ್ಷಕ್ಕೆ ನಾಕು ಮನಿ ಬೀಗದಕೈ, ಎರಡು ಕನ್ನಡಕ ಸಿಗ್ತಾವೆ ನನಗೆ.”

ಈ ಮಾತಿಗೆ ನಾನೂ ಸಾಕ್ಷಿ. ನಮ್ಮ ಯಜಮಾನರ ಹಲ್ಲಿನ ಸೆಟ್ಟನ್ನು ಒಮ್ಮೆ ನಾನೇ ಕಾಗದದ ಜೊತೆ ಮುದ್ದೆ ಮಾಡಿ ಎಸೆದಿದ್ದೆ. ಮರುದಿನ ಬೆಳಿಗ್ಗೆ ಕಾಟಮ್ಮ ಅದನ್ನು ಕವರಿನಲ್ಲಿ ಹಾಕಿ ಗೇಟಿಗೆ ಸಿಕ್ಕಿಸಿ ಹೋಗಿದ್ದಳು.

ಕಾಫಿ ಅಂಗಡಿಯ ಡಬ್ಬಿ ನೋಡಿದರೆ ಖಾಲಿ, ಹೊಸ ಚೀಲ ಹಾಕಿತ್ತು. ಕಾಟಮ್ಮ ನೇರ ಶೌಚಾಲಯದ ಕಡೆ ಓಡಿದಳು. “ಮಾರಿಯಾಯಕ್ಕಾ! ಮಾರಿಯಾಯಕ್ಕಾ!” ಅಂತ ಕೂಗುತ್ತಾ, ವಿದೇಶದ ಜನರ ನಡುವೆ, ಸೆರಗು ಸಿಕ್ಕಿಸಿಕೊಂಡು. ತಿಮ್ಮೇಶರು ಹಿಂದೆ. ತಂಡದವರನ್ನೆಲ್ಲ ಕರೆದುಕೊಂಡು ಗೇಟಿನ ಹತ್ತಿರ ಹೋಗಿರು ಅಂತ ಹಾಲಸ್ವಾಮಿಗೆ ಹೇಳಿದ್ದರು.

ಮಾರಿಯಾಯಿಗೆ ವಿಷಯ ತಿಳಿಯಲು ಒಂದು ನಿಮಿಷ ಸಾಕಾಯಿತು. ತಿಮ್ಮೇಶರು ಇಂಗ್ಲಿಷಿನಲ್ಲಿ ಹೇಳಿದರು, ಕಾಟಮ್ಮ ಕೈಯಲ್ಲಿ ಹೇಳಿದಳು. ಇಬ್ಬರನ್ನೂ ಕರೆದುಕೊಂಡು ಆಕೆ ಹಿಂದಿನ ಒಂದು ಬಾಗಿಲಿನ ಹತ್ತಿರ ಬಂದಳು. ಕಸದ ಚೀಲಗಳನ್ನು ಕೂಡಿಡುವ ಕೋಣೆ ಅದು. ಮೇಲ್ವಿಚಾರಕಿ ಒಬ್ಬಳು ಬಂದಳು, ಚೀನೀ ಮುಖದ ಹೆಂಗಸು, ಕೈಯಲ್ಲಿ ವಾಕಿಟಾಕಿ. ಪ್ರಯಾಣಿಕರು ಒಳಗೆ ಬರುವ ಹಾಗಿಲ್ಲ, ನಾವೇ ಹುಡುಕಿ ಹೇಳುತ್ತೇವೆ ಅಂದಳು. ಅದು ಅವರ ನಿಯಮ. ಆದರೆ ಆ ಹೊತ್ತಿಗೆ ಐದು ಗಂಟೆ ದಾಟಿತ್ತು.

ಆಗ ಮಾರಿಯಾಯಿ ಕಾಟಮ್ಮನ ಅಂಗೈ ಹಿಡಿದು ಆ ಮೇಲ್ವಿಚಾರಕಿಯ ಮುಂದೆ ಚಾಚಿದಳು. ಇಂಗ್ಲಿಷಿನಲ್ಲಿ ಏನೋ ಹೇಳಿದಳು. ತಿಮ್ಮೇಶರು ಆಮೇಲೆ ಅದನ್ನು ಕನ್ನಡದಲ್ಲಿ ಹೇಳಿದರಂತೆ: “ಈಕೆ ಪ್ರಯಾಣಿಕಳಲ್ಲ. ನಮ್ಮದೇ ಕೆಲಸ ಮಾಡುವವಳು.”

ಮೇಲ್ವಿಚಾರಕಿ ವಾಕಿಟಾಕಿಯಲ್ಲಿ ಯಾರನ್ನೋ ಕೇಳಿದಳು. ಆಮೇಲೆ ಒಂದು ಜೊತೆ ಗ್ಲೌಸ್ ತಂದು ಕೊಟ್ಟಳು. ತಿಮ್ಮೇಶರನ್ನು ಬಾಗಿಲಲ್ಲೇ ನಿಲ್ಲಿಸಿದರು.

ಒಳಗೆ ಹದಿನಾಲ್ಕು ಚೀಲ, ಎಲ್ಲವೂ ಒಂದೇ ಬಣ್ಣ. ಒಂದೊಂದನ್ನೇ ಬಿಚ್ಚಿ ನೆಲಕ್ಕೆ ಸುರಿಯುತ್ತಾ ಹೋದರೆ ವಿಮಾನ ಬೆಂಗಳೂರು ಮುಟ್ಟಿರುತ್ತಿತ್ತು. ಕಾಟಮ್ಮ ಬಿಚ್ಚಲಿಲ್ಲ. ಒಂದೊಂದನ್ನೂ ಎತ್ತಿ ತೂಗಿ ನೋಡಿದಳು, ಹೊರಗಿನಿಂದ ಒತ್ತಿ ನೋಡಿದಳು, ಬಗ್ಗಿ ಮೂಸಿದಳು.

“ಕಸಕ್ಕೂ ಹೊತ್ತು ಅಂತ ಇರ್ತೈತೆ ಟೀಚರ್. ಮುಂಜಾನೆ ಕಸ ಬ್ಯಾರೆ, ಮಧ್ಯಾಹ್ನದ್ದು ಬ್ಯಾರೆ. ಊಟದ ಕಸ ಭಾರ, ತಳಕ್ಕೆ ಕೂತಿರ್ತೈತೆ. ಸಂಜಿ ಕಸ ಹಗುರ, ಕಾಗದ, ಲೋಟ. ಆಗಷ್ಟೇ ಹಾಕಿದ ಕಾಫಿದು ಇನ್ನೂ ಬೆಚ್ಚಗೆ ವಾಸನೆ ಬರ್ತೈತೆ.”

ಹತ್ತು ಚೀಲ ಬಿಟ್ಟಳು. ನಾಲ್ಕು ಉಳಿದವು. ಅದರಲ್ಲಿ ಎರಡನ್ನು ಮಾರಿಯಾಯಿ ಗಂಟು ನೋಡಿ ಬೇಡ ಅಂದಳು, ಅವು ಬೇರೆಯವರು ಕಟ್ಟಿದ ಗಂಟು, ಬೇರೆ ಕಡೆಯ ಕಸ. ಉಳಿದ ಎರಡರಲ್ಲಿ ಒಂದನ್ನು ಬಿಚ್ಚಿದರು. ಮೇಲಿನಿಂದ ಮೂರನೇ ಪದರದಲ್ಲಿ, ಎಣ್ಣೆ ಹತ್ತಿದ ಕಾಗದದ ಮಡಿಕೆಯೊಳಗೆ ಅರ್ಧ ಪಫ್ ಇತ್ತು. ಅದರ ಪಕ್ಕ ಬೆಚ್ಚಗೆ ಮಲಗಿತ್ತು ನೀಲಿ ಪುಸ್ತಕ. ರಟ್ಟಿನ ಒಂದು ಮೂಲೆ ಕಾಫಿಯಲ್ಲಿ ನೆಂದಿತ್ತು, ಅಷ್ಟೆ.

ಕಾಟಮ್ಮ ಅದನ್ನು ಸೆರಗಿನಲ್ಲಿ ಒರೆಸಿ ಬಾಗಿಲಿಗೆ ತಂದು ಕೊಟ್ಟಾಗ, ತಿಮ್ಮೇಶರು ಎರಡೂ ಕೈಯಲ್ಲಿ ತೆಗೆದುಕೊಂಡರು. ಕಣ್ಣು ಒರೆಸಿಕೊಂಡರು.

“ಅಳಬ್ಯಾಡ್ರಿ ಸಾರ್. ಮೊದಲು ನಡೀರಿ” ಅಂದವಳು, ತಾನು ಮಾತ್ರ ಒಳಗೆ ತಿರುಗಿ ಹೋಗಿ, ಬಿಚ್ಚಿದ ಚೀಲವನ್ನು ಮತ್ತೆ ಕಟ್ಟಿಯೇ ಬಂದಳು.

ಮಾರಿಯಾಯಿ ಗೇಟಿನವರೆಗೂ ಜೊತೆಗೆ ಓಡುತ್ತಾ ನಡೆದಳು, ಮೊಣಕಾಲು ನೋವಿನಲ್ಲೂ. ಅಲ್ಲಿ ಹಾಲಸ್ವಾಮಿ ಇಬ್ಬರದೂ ಒಂದು ಫೋಟೋ ತೆಗೆದ. ಆ ಫೋಟೋ ನಾನು ನೋಡಿದ್ದೇನೆ. ಇಬ್ಬರಿಗೂ ಉಸಿರು ಹತ್ತಿದೆ, ಇಬ್ಬರ ಕೂದಲೂ ಕೆದರಿದೆ, ಇಬ್ಬರೂ ಬಾಯಿ ತುಂಬ ನಗುತ್ತಿದ್ದಾರೆ. ಯಾರು ಯಾವ ಊರಿನವರು ಅಂತ ಗೊತ್ತಾಗುವುದಿಲ್ಲ. ಈಗಲೂ ಸೊಸೆಯ ಫೋನಿನಲ್ಲಿ ಅವರಿಬ್ಬರ ಮಾತು ನಡೆಯುತ್ತದೆ. ಆಕೆ ತಮಿಳಿನಲ್ಲಿ ಹೇಳಿ ಕಳಿಸುತ್ತಾಳೆ, ಈಕೆ ಕನ್ನಡದಲ್ಲಿ.

ವಿಮಾನದಲ್ಲಿ ತಿಮ್ಮೇಶರು ತಮ್ಮ ಕಿಟಕಿ ಪಕ್ಕದ ಸೀಟನ್ನು ಕಾಟಮ್ಮನಿಗೆ ಬಿಟ್ಟುಕೊಟ್ಟರು. ವಿಮಾನ ಏಳುವಾಗ ಕೆಳಗೆ ಸಮುದ್ರ, ಅದರ ಮೇಲೆ ಬಿಸಿಲು, ಸಾಲಾಗಿ ನಿಂತ ನೂರಾರು ಹಡಗು. ನಮ್ಮ ಎಪಿಎಂಸಿ ಗೇಟಿನಲ್ಲಿ ಸುಗ್ಗಿ ಕಾಲಕ್ಕೆ ಲಾರಿ ನಿಂತ ಹಾಗೆ ಕಂಡವಂತೆ. ಹೋಗುವಾಗ ಕಣ್ಣು ಮುಚ್ಚಿಕೊಂಡಿದ್ದವಳು ಈ ಸಲ ಮೋಡ ಬರುವ ತನಕ ಗಾಜಿಗೆ ಹಣೆ ಹಚ್ಚಿಕೊಂಡೇ ಇದ್ದಳು.

ಬಂದ ಮೇಲೆ ಪಾಲಿಕೆಯಲ್ಲಿ ಒಂದು ಸಭೆ ಕರೆದು, ಏನು ಕಲಿತಿರಿ, ಏನು ಬೇಕು ಅಂತ ಒಬ್ಬೊಬ್ಬರನ್ನೂ ಕೇಳಿದರು. ಯಾರೋ ಯಂತ್ರ ಬೇಕು ಅಂದರು. ಕಾಟಮ್ಮ ಎದ್ದು, “ಹೆಣ್ಣುಮಕ್ಕಳ ಕೈಗೆ ಕೂಡೋ ಅಂಥ ಸಣ್ಣ ಸೈಜಿನ ಗ್ಲೌಸ್ ಬೇಕ್ರಿ” ಅಂದಳು. ಪಕ್ಕದಲ್ಲೇ ಕೂತಿದ್ದ ತಿಮ್ಮೇಶರು ಅದನ್ನು ಅಲ್ಲೇ ಬರೆದುಕೊಂಡರು. ಮುಂದಿನ ತಿಂಗಳು ಗ್ಲೌಸ್ ಬಂದವು.

ಸಭೆಯ ನಂತರದ ಭಾನುವಾರ ಕಾಟಮ್ಮ ಹರಿಹರಕ್ಕೆ ಹೋಗಿ ಅಕ್ಕ ಲಕ್ಷ್ಮೀದೇವಿಯ ಮನೆಯಲ್ಲಿ ಎಲ್ಲವನ್ನೂ ಹೇಳಿದಳು. ಅಕ್ಕ ಇಡೀ ಓಣಿಗೆ ಹೇಳಿದಳು. ಮೊನ್ನೆ ಮೊಮ್ಮಗಳ ನಾಮಕರಣಕ್ಕೆ ಕರೆಯಲು ಮತ್ತೆ ಹೋದಾಗ, ಹೊಳೆದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕಾಟಮ್ಮನನ್ನು ಸುತ್ತುವರಿದರಂತೆ.

“ಏನವ್ವ ಕಾಟಮ್ಮ, ನಿಮ್ಮ ಸಾಹೇಬರನ್ನ ಬಿಟ್ಟು ವಿಮಾನ ಮ್ಯಾಲೆ ಹೋಗಿತ್ತಂತೆ, ನೀನು ಕೂಗಿದ್ದಕ್ಕೆ ತಿರುಗಿ ಕೆಳಗೆ ಇಳೀತಂತೆ, ಖರೇನಾ?”

“ಮತ್ತೆ ನೀನು ಏನಂದೆ?” ಅಂತ ನಾನು ಗೇಟಿಗೆ ಆನಿಕೊಂಡು ಕೇಳಿದೆ.

“ಹೌದು ಅಂದೆ ಟೀಚರ್. ನಮ್ಮಕ್ಕನ ಮಾತು ಸುಳ್ಳು ಮಾಡಾಕೆ ಆಗ್ತೈತೇನ್ರಿ?” ಅಂದಳು ಕಾಟಮ್ಮ. ಹಾಗೆ ಅಂದವಳು ಗಾಡಿ ತಳ್ಳಿಕೊಂಡು ಪಕ್ಕದ ಮನೆಯ ಮುಂದಿನ ಹೊಂಗೆ ಎಲೆ ಗುಡಿಸಲು ಹೋದಳು.